ಬೆಟ್ಟದ ಮೇಲಿನ ಪೆಟ್ಟಿಗೆಯನ್ನು ನಂಬುವ ಮೊದಲು: ದೂರದ ಎಡ್ಜ್ ಕಂಪ್ಯೂಟರುಗಳ ದೃಢೀಕರಣ, ಹೆಜ್ಜೆ ಹೆಜ್ಜೆಯಾಗಿ

ಮಡಿಕೇರಿಯಲ್ಲಿ ಕುಳಿತವರ ಪರದೆಯ ಮೇಲೆ "ಭಾಗಮಂಡಲದ ಮೇಲಿನ ಬೆಟ್ಟ, ಕಳೆದ ಒಂದು ಗಂಟೆಯಲ್ಲಿ 42 ಮಿಲಿಮೀಟರ್" ಎಂಬ ಸಾಲು ಬಂತೆನ್ನಿ. ಆ ಅಂಕಿ ನಿಜವಾಗಬೇಕಾದರೆ ಮಳೆ ಬಿದ್ದಿರಬೇಕು, ಮಾಪಕ ಸರಿಯಾಗಿ ಎಣಿಸಿರಬೇಕು, ಎಣಿಕೆ ಕಳುಹಿಸಿದ ಕಂಪ್ಯೂಟರ್ (ಮಾಪಕದ ಪಕ್ಕದಲ್ಲೇ ಪೆಟ್ಟಿಗೆಯೊಳಗೆ ಕೂರುವ ಇದಕ್ಕೆ ಎಡ್ಜ್ ಕಂಪ್ಯೂಟರ್ ಎನ್ನುತ್ತಾರೆ) ನಾವೇ ಇಟ್ಟದ್ದಾಗಿರಬೇಕು, ಅದರಲ್ಲಿ ನಾವು ಹಾಕಿದ ತಂತ್ರಾಂಶವೇ ಓಡುತ್ತಿರಬೇಕು. ಮೊದಲಿನ ಎರಡನ್ನು ಪಕ್ಕದ ಮಾಪಕದ ಜತೆ ತಾಳೆ ನೋಡಬಹುದು. ಕೊನೆಯ ಎರಡಕ್ಕೆ ಬೇರೆಯೇ ವಿಧಾನ ಬೇಕು, ದೃಢೀಕರಣ ಎಂದರೆ ಅದೇ. ಕಂಪ್ಯೂಟರನ್ನೇ "ನೀನು ಸರಿಯಿದ್ದೀಯಾ" ಎಂದು ಕೇಳಿದರೆ ಕೆಟ್ಟುಹೋದ ಕಂಪ್ಯೂಟರೂ "ಸರಿಯಿದ್ದೇನೆ" ಎಂದೇ ಉತ್ತರಿಸುತ್ತದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನೂ 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದ್ದನ್ನೂ ಕಂಡ ಜಿಲ್ಲೆ ಇದು. ಇಲ್ಲಿ ಮಳೆಯ ಅಂಕಿ ನೋಡಿ ಮನೆ ಬಿಡಿಸುವ ಮಾತು ಬರುತ್ತದೆ. ಸುಳ್ಳು ಅಂಕಿಯಿಂದ ಜನ ಸುಮ್ಮನೆ ಮನೆ ಬಿಟ್ಟರೂ ಕಷ್ಟ, ಬಿಡಬೇಕಾದವರು ಬಿಡದೇ ಉಳಿದರಂತೂ ಅನಾಹುತ. ಹಾಗಾಗಿ ಈ ಕೆಲಸವನ್ನು "ಆಮೇಲೆ ನೋಡೋಣ" ಎಂದು ಮುಂದಕ್ಕೆ ಹಾಕಬಾರದು. ಪೆಟ್ಟಿಗೆ ಬೆಟ್ಟ ಹತ್ತುವ ಮೊದಲೇ ಮಾಡಿ ಮುಗಿಸಬೇಕು. ಹತ್ತಿದ ಮೇಲೆ ಮಾಡಲಾಗದ ಕೆಲಸಗಳು ಇದರಲ್ಲಿ ಎರಡು ಮೂರಿವೆ.

ವಿವರಣೆಗೆ ಒಂದು ಮಾದರಿ ಇಟ್ಟುಕೊಳ್ಳೋಣ. ಒಟ್ಟು ಹನ್ನೆರಡು ಪೆಟ್ಟಿಗೆಗಳು. ಐದು ಬೆಟ್ಟದ ಇಳಿಜಾರಿನಲ್ಲಿ ಮಳೆ ಮತ್ತು ಮಣ್ಣಿನ ತೇವ ನೋಡುತ್ತವೆ. ನಾಲ್ಕು ಸಿದ್ದಾಪುರದ ಕಡೆ ತೋಟದಂಚಿನಲ್ಲಿ ಆನೆಯನ್ನು ಗುರುತಿಸುವ ಕ್ಯಾಮೆರಾಗಳ ಹಿಂದೆ ಇವೆ. ಮೂರು ಪಂಪ್‌ಹೌಸಿನಲ್ಲಿವೆ. ಎಲ್ಲವೂ ಸಿಮ್ ಕಾರ್ಡಿನ ಮೂಲಕ ಮಾತಾಡುತ್ತವೆ. ಪರಿಶೀಲಿಸುವ ಸರ್ವರ್ ಕುಶಾಲನಗರದ ಕಚೇರಿಯಲ್ಲಿದೆ.

ಒಳಗಿನ ತತ್ವ

ಪೆಟ್ಟಿಗೆಯೊಳಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರುತ್ತದೆ. ಅದರಲ್ಲಿ ಪಿಸಿಆರ್ ಎಂಬ 24 ಖಾನೆಗಳಿವೆ. ಕಂಪ್ಯೂಟರ್ ಚಾಲೂ ಆಗುವಾಗ ಪ್ರತಿ ಹಂತವೂ ತನ್ನ ಮುಂದಿನ ಹಂತವನ್ನು ಓಡಿಸುವ ಮೊದಲು ಅದರ ಹ್ಯಾಶ್, ಅಂದರೆ ಒಂದಕ್ಷರ ಬದಲಾದರೂ ಪೂರ್ತಿ ಬೇರೆಯಾಗುವ ಬೆರಳಗುರುತಿನಂಥ ಸಂಖ್ಯೆ, ಲೆಕ್ಕ ಹಾಕಿ ಖಾನೆಗೆ ಸೇರಿಸುತ್ತದೆ. ಇದನ್ನೇ ಅಳತೆ ಎನ್ನುತ್ತಾರೆ. ಖಾನೆಯಲ್ಲಿ ನೇರವಾಗಿ ಬರೆಯಲು ಯಾರಿಗೂ ಬರುವುದಿಲ್ಲ. ಹಳೆಯ ಮೌಲ್ಯ ಮತ್ತು ಹೊಸ ಹ್ಯಾಶ್ ಎರಡನ್ನೂ ಜೋಡಿಸಿ ಮತ್ತೆ ಹ್ಯಾಶ್ ಮಾಡಿದ ಫಲಿತವಷ್ಟೇ ಅಲ್ಲಿ ಕೂರುತ್ತದೆ.

ತೋಟದ ಮನೆಗಳಲ್ಲಿ ಇಂಚು-ಸೆಂಟ್ಸಿನಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಬರೆದಿಡುವ ಮಳೆ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿ ದಿನದ ಸಾಲಿನ ಪಕ್ಕ ವರ್ಷದ ಅಲ್ಲಿಯವರೆಗಿನ ಮೊತ್ತ ಇರುತ್ತದೆ. ಜೂನ್ 9ರ ಅಂಕಿ ತಿದ್ದಿದರೆ ಅಲ್ಲಿಂದ ಮುಂದಿನ ಎಲ್ಲ ಮೊತ್ತವೂ ತಪ್ಪುತ್ತದೆ. ಮೊತ್ತವನ್ನಾದರೆ ಇನ್ನೊಂದು ದಿನ ಕಡಿಮೆ ಬರೆದು ಸರಿದೂಗಿಸಬಹುದು. ಹ್ಯಾಶ್‌ನಲ್ಲಿ ಆ ದಾರಿಯೂ ಇಲ್ಲ. ಒಮ್ಮೆ ಕೆಟ್ಟ ತಂತ್ರಾಂಶ ಓಡಿತೆಂದರೆ, ಮತ್ತೆ ರೀಬೂಟ್ ಆಗುವವರೆಗೆ ಆ ಖಾನೆಯನ್ನು ಒಳ್ಳೆಯ ಮೌಲ್ಯಕ್ಕೆ ತರಲು ಸಾಧ್ಯವಿಲ್ಲ.

ಸರ್ವರ್ ಕೇಳಿದಾಗ ಚಿಪ್ ಈ ಖಾನೆಗಳ ಸಾರಕ್ಕೆ ತನ್ನ ಕೀಲಿಯಿಂದ ಸಹಿ ಹಾಕಿ ಕೊಡುತ್ತದೆ. ಇದಕ್ಕೆ ಕ್ವೋಟ್ ಎನ್ನುತ್ತಾರೆ. ಆ ಕೀಲಿ ಚಿಪ್ಪಿನಿಂದ ಹೊರಗೆ ಬರುವುದೇ ಇಲ್ಲ. 2023ರ ಜನವರಿಯಲ್ಲಿ ಇಂಟರ್ನೆಟ್ ಮಾನದಂಡಗಳ ಸಂಸ್ಥೆ ಐಇಟಿಎಫ್ ಪ್ರಕಟಿಸಿದ ಆರ್‌ಎಫ್‌ಸಿ 9334 ಈ ವ್ಯವಸ್ಥೆಯ ಪಾತ್ರಗಳನ್ನು ಬೇರೆ ಬೇರೆ ಮಾಡಿ ಹೇಳುತ್ತದೆ: ಸಾಕ್ಷ್ಯ ಕೊಡುವ ಸಾಧನ, ಅದನ್ನು ತೂಗಿ ನೋಡುವ ಪರಿಶೀಲಕ, ಪರಿಶೀಲಕನ ತೀರ್ಪನ್ನು ನಂಬಿ ಕೆಲಸ ಮಾಡುವವರು. ನಮ್ಮಲ್ಲಿ ಪೆಟ್ಟಿಗೆ, ಕುಶಾಲನಗರದ ಸರ್ವರ್, ಮಳೆಯ ಎಚ್ಚರಿಕೆ ಕೊಡುವ ತಂತ್ರಾಂಶ ಕ್ರಮವಾಗಿ ಈ ಮೂರು ಪಾತ್ರ ವಹಿಸುತ್ತವೆ. ಪರಿಶೀಲಕವನ್ನೂ ಎಚ್ಚರಿಕೆಯ ತಂತ್ರಾಂಶವನ್ನೂ ಒಂದೇ ಯಂತ್ರದಲ್ಲಿ ಇಡಬೇಡಿ.

ಹೆಜ್ಜೆ 1: ಯಂತ್ರದ ಆಯ್ಕೆ

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಅಗ್ಗ, ಎಲ್ಲರಿಗೂ ಪರಿಚಿತ. ಆದರೆ ಪೈ 4ರಲ್ಲಿ ಟಿಪಿಎಂ ಇಲ್ಲ. ಇನ್ಫಿನಿಯಾನ್ ಎಸ್‌ಎಲ್‌ಬಿ 9670 ಚಿಪ್ಪಿರುವ ಪುಟ್ಟ ಬೋರ್ಡನ್ನು 40 ಪಿನ್ನಿನ ಸಾಲಿಗೆ ಸಿಕ್ಕಿಸಿ, ಹೊಸ ಚಿಪ್ಪಿನ ವಿವರವನ್ನು ಲಿನಕ್ಸ್‌ಗೆ ತಿಳಿಸುವ ಡಿವೈಸ್ ಟ್ರೀ ಓವರ್‌ಲೇ ಸೇರಿಸಿದರೆ ಚಿಪ್ ಕಾಣಿಸಿಕೊಳ್ಳುತ್ತದೆ. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಂಡರೆ ತಪ್ಪು. ಪೈಯ ಮೊದಲ ಹಂತದ ಬೂಟ್ ಈ ಚಿಪ್ಪಿಗೆ ಏನನ್ನೂ ಅಳೆದು ಹಾಕುವುದಿಲ್ಲ. ಅದರ ನಂತರ ಓಡುವ ಯು-ಬೂಟ್ ಎಂಬ ಬೂಟ್ ತಂತ್ರಾಂಶದಲ್ಲಿ ಅಳತೆಯ ಸೌಲಭ್ಯ ತೆರೆದರೂ ಯು-ಬೂಟ್‌ಗಿಂತ ಮೊದಲು ಓಡಿದ್ದನ್ನು ಅಳೆದವರು ಯಾರೂ ಇಲ್ಲ. ಜತೆಗೆ ಸಿಕ್ಕಿಸಿದ ಬೋರ್ಡಿನ ರೀಸೆಟ್ ತಂತಿಯನ್ನು ಒಂದು ಕ್ಷಣ ನೆಲಕ್ಕೆ ಮುಟ್ಟಿಸಿದರೆ ಚಿಪ್ಪಿನ ಬೂಟ್ ಅಳತೆಯ ಖಾನೆಗಳೆಲ್ಲ ಸೊನ್ನೆಯಾಗುತ್ತವೆ, ಕಂಪ್ಯೂಟರ್ ಮಾತ್ರ ಓಡುತ್ತಲೇ ಇರುತ್ತದೆ. ಆಮೇಲೆ ಒಳ್ಳೆಯ ಹ್ಯಾಶ್‌ಗಳನ್ನು ಸಾಲಾಗಿ ತುಂಬಿದರೆ ಕ್ವೋಟ್ ಚೊಕ್ಕವಾಗಿ ಬರುತ್ತದೆ. ಇನ್ನೊಂದು ಕಾರಣ ನಮ್ಮ ಊರಿನದೇ. ಮಳೆಗಾಲದ ತೇವಕ್ಕೆ ಆ ಪಿನ್ನುಗಳು ಕಿಲುಬು ಹಿಡಿಯುತ್ತವೆ, ಜುಲೈ ಹೊತ್ತಿಗೆ ಚಿಪ್ ಒಮ್ಮೆ ಸಿಕ್ಕಿ ಒಮ್ಮೆ ಸಿಗದಂತಾಗುತ್ತದೆ.

ಹಾಗಾಗಿ ಬೆಟ್ಟದ ಮೇಲಕ್ಕೆ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಇರುವ, ಫ್ಯಾನ್ ಇಲ್ಲದ ಮಿನಿ ಪಿಸಿಯೇ ಸರಿ. ಇಂಟೆಲ್ ಎನ್100 ದರ್ಜೆಯ ಪ್ರೊಸೆಸರ್ ಸಾಕು, ಅದರ ಘೋಷಿತ ಉಷ್ಣ ಮಿತಿ 6 ವ್ಯಾಟ್. ಇದರಲ್ಲಿ ಟಿಪಿಎಂ ಪ್ರೊಸೆಸರಿನ ಫರ್ಮ್‌ವೇರಿನೊಳಗೇ ಇರುವುದರಿಂದ ಹೊರಗಿನ ತಂತಿ ಮುಟ್ಟುವ ಪ್ರಶ್ನೆ ಬರುವುದಿಲ್ಲ. ಕೊಳ್ಳುವ ಮೊದಲು ಬಯೋಸ್ ತೆರೆದು ಮೂರು ಸಂಗತಿ ನೋಡಿ: ಟಿಪಿಎಂ ಅಥವಾ (ಇಂಟೆಲ್ ಇಟ್ಟ ಹೆಸರಿನಲ್ಲಿ) ಪಿಟಿಟಿ ಆನ್ ಮಾಡಲು ಬರುತ್ತದೆಯೇ, ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನದ ಖಾನೆಗಳು ಚಾಲೂ ಇವೆಯೇ, ಸಹಿಯಿಲ್ಲದ್ದನ್ನು ಬೂಟ್ ಮಾಡಲು ಬಿಡದ ಸೆಕ್ಯೂರ್ ಬೂಟ್‌ಗೆ ನಮ್ಮದೇ ಕೀಲಿ ಹಾಕಲು ಬಿಡುತ್ತದೆಯೇ. ಕೆಲವು ಬೋರ್ಡುಗಳಲ್ಲಿ ಎಸ್‌ಎಚ್‌ಎ-256ರ ಖಾನೆಗಳು ಇದ್ದರೂ ಫರ್ಮ್‌ವೇರ್ ಅವುಗಳಿಗೆ ಅಳತೆ ಹಾಕದೆ ಸೊನ್ನೆಯಾಗಿಯೇ ಬಿಡುತ್ತದೆ. ಇದು ದೊಡ್ಡ ಅಪಾಯ. ಖಾಲಿ ಖಾನೆಗೆ ಬೇಕಾದ್ದನ್ನು ಯಾರು ಬೇಕಾದರೂ ತುಂಬಬಹುದು. 0ರಿಂದ 7ರವರೆಗಿನ ಖಾನೆಗಳನ್ನು ಓದಿ, ಒಂದೇ ಒಂದು ಬರೀ ಸೊನ್ನೆ ತೋರಿಸಿದರೂ ಆ ಬೋರ್ಡ್ ವಾಪಸ್ ಮಾಡಿ.

ಲೋರಾ ಎಂಬ ದೂರ ಹೋಗುವ, ನಿಧಾನಗತಿಯ ರೇಡಿಯೊದಲ್ಲಿ ಮಾತಾಡುವ ಬ್ಯಾಟರಿ ಸೆನ್ಸರುಗಳಿಗೆ ಈ ದಾರಿ ಹಿಡಿಯುವುದಿಲ್ಲ. ಆರ್‌ಎಸ್‌ಎ ಸಹಿಯೊಂದೇ 256 ಬೈಟ್. ನಮ್ಮ ದೇಶದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅತಿ ದೂರ ಹೋಗುವ ಲೋರಾವಾನ್ ವೇಗದಲ್ಲಿ ಒಂದು ಸಂದೇಶಕ್ಕೆ ಸಿಗುವುದು 51 ಬೈಟ್. ಅಂಥವಕ್ಕೆ ಡೈಸ್ ಎಂಬ, ಪ್ರತಿ ಬೂಟ್ ಹಂತದಿಂದ ಹೊಸ ಕೀಲಿ ಹುಟ್ಟಿಸುವ ಹಗುರ ವ್ಯವಸ್ಥೆ ಇದೆ. ಇಲ್ಲಿ ಹೇಳುತ್ತಿರುವುದು ಆ ಸೆನ್ಸರುಗಳ ಮಾತು ಕೇಳುವ ಗೇಟ್‌ವೇ ಪೆಟ್ಟಿಗೆಯ ವಿಷಯ.

ಹೆಜ್ಜೆ 2: ಡಿಸ್ಕಿನ ವ್ಯವಸ್ಥೆ

ಮಾಮೂಲಿ ಉಬುಂಟು ಲಿನಕ್ಸ್ ಹಾಕಿ ಗ್ರಬ್ ಎಂಬ ಬೂಟ್ ತಂತ್ರಾಂಶದ ಮೂಲಕ ಬೂಟ್ ಮಾಡಿದರೆ ಏನಾಗುತ್ತದೆ ನೋಡಿ. ಗ್ರಬ್ ತಾನು ಓಡಿಸುವ ಪ್ರತಿ ಆಜ್ಞೆಯನ್ನೂ 8ನೇ ಖಾನೆಗೆ, ಓದುವ ಕಡತಗಳನ್ನು 9ನೇ ಖಾನೆಗೆ ಅಳೆದು ಹಾಕುತ್ತದೆ. ಬೂಟ್ ಆಗುತ್ತಿರುವಾಗಲೇ ಕರೆಂಟು ಹೋಯಿತೆನ್ನಿ. ಮುಂದಿನ ಸಲ ಗ್ರಬ್ "ಹಿಂದಿನ ಬೂಟ್ ಮುಗಿದಿಲ್ಲ" ಎಂಬ ಗುರುತು ನೋಡಿ ಮೆನು ತೋರಿಸಲು ಬೇರೆ ಆಜ್ಞೆಗಳನ್ನು ಓಡಿಸುತ್ತದೆ. 8ನೇ ಖಾನೆಯ ಮೌಲ್ಯ ಬದಲಾಗುತ್ತದೆ. ಪೆಟ್ಟಿಗೆಗೆ ಏನೂ ಆಗಿಲ್ಲ, ಆದರೂ ಸರ್ವರಿನಲ್ಲಿ ಕೆಂಪು ದೀಪ. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಆಟಿ-ಕಕ್ಕಡದ (ಜುಲೈ-ಆಗಸ್ಟಿನ ಜೋರು ಮಳೆಯ) ದಿನಗಳಲ್ಲಿ ಇಂಥ ಹುಸಿ ಕೂಗು ಕೇಳಿ ಕೇಳಿ ಜನ ಕೆಂಪು ದೀಪವನ್ನೇ ಲೆಕ್ಕಕ್ಕೆ ಇಡದಂತಾಗುತ್ತಾರೆ.

ಇದಕ್ಕೆ ಪರಿಹಾರ ಗ್ರಬ್ ಬಿಟ್ಟು ಕರ್ನೆಲ್ (ಲಿನಕ್ಸ್‌ನ ತಿರುಳು), ಇನಿಟ್‌ಆರ್‌ಡಿ (ಬೂಟಿಗೆ ಬೇಕಾದ ಆರಂಭದ ಕಡತಗಳು), ಕಮ್ಯಾಂಡ್ ಲೈನ್ (ಕರ್ನೆಲ್‌ಗೆ ಕೊಡುವ ಸೂಚನೆಗಳು) ಮೂರನ್ನೂ ಒಂದೇ ಕಡತವಾಗಿ ಕಟ್ಟುವುದು. ಇದನ್ನು ಯುಕೆಐ ಎನ್ನುತ್ತಾರೆ. ಇದರ ಭಾಗಗಳನ್ನು ಸಿಸ್ಟಂಡಿ ಒದಗಿಸುವ ಸ್ಟಬ್ ಎಂಬ ಪುಟ್ಟ ಪ್ರೋಗ್ರಾಂ 11ನೇ ಖಾನೆಗೆ ಅಳೆಯುತ್ತದೆ. ಅದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಸಿಸ್ಟಂಡಿ-ಮೆಷರ್ ಎಂಬ ಉಪಕರಣದಿಂದ 11ನೇ ಖಾನೆಯಲ್ಲಿ ಯಾವ ಮೌಲ್ಯ ಬರಬೇಕೆಂದು ಕಚೇರಿಯಲ್ಲೇ, ಪೆಟ್ಟಿಗೆಯನ್ನು ಚಾಲೂ ಮಾಡದೆಯೇ, ಲೆಕ್ಕ ಹಾಕಿಡಬಹುದು.

ಮೂಲ ವಿಭಾಗವನ್ನು ಡಿಎಂ-ವೆರಿಟಿಯಿಂದ (ಓದುವ ಪ್ರತಿ ತುಣುಕನ್ನೂ ಹ್ಯಾಶ್ ನೋಡಿ ತಾಳೆ ಹಾಕುವ ಕರ್ನೆಲ್ ಸೌಲಭ್ಯ) ಓದಲು ಮಾತ್ರ ಬರುವಂತೆ ಮಾಡಿ, ಇಡೀ ವಿಭಾಗದ ಸಾರವಾದ ರೂಟ್ ಹ್ಯಾಶನ್ನು ಯುಕೆಐ ಕಮ್ಯಾಂಡ್ ಲೈನಿನೊಳಗೆ ಇಡಿ. ಆಗ 11ನೇ ಖಾನೆ ಒಂದರಿಂದಲೇ ಕರ್ನೆಲ್ಲೂ ಮೂಲ ವಿಭಾಗದ ಪ್ರತಿ ಕಡತವೂ ಕಾವಲಿಗೆ ಒಳಪಡುತ್ತವೆ. ಓದಲು ಮಾತ್ರ ಬರುವ ವಿಭಾಗ ದಿಢೀರ್ ಕರೆಂಟು ಹೋದರೂ ಕೆಡುವುದಿಲ್ಲ ಎಂಬುದು ಇನ್ನೊಂದು ಲಾಭ. ಮಾಹಿತಿ ಬರೆಯಲು ಬೇರೆ ವಿಭಾಗ ಇರಲಿ. ಅದನ್ನು ಅಲ್ಲಿಂದ ಪ್ರೋಗ್ರಾಂ ಓಡಿಸಲು ಬಿಡದ ರೀತಿಯಲ್ಲಿ ಮೌಂಟ್ ಮಾಡಿ, ಲಕ್ಸ್ ಎಂಬ ಡಿಸ್ಕ್ ಬೀಗದಿಂದ ಗೂಢಲಿಪಿಗೆ ಹಾಕಿ, ಅದರ ಕೀಲಿಯನ್ನು ಖಾನೆಯ ಮೌಲ್ಯ ಸರಿಯಿದ್ದರೆ ಮಾತ್ರ ಸಿಗುವಂತೆ ಟಿಪಿಎಂಗೆ ಕಟ್ಟಿ. ಪೆಟ್ಟಿಗೆಯಿಂದ ಎಸ್‌ಎಸ್‌ಡಿ ಕಿತ್ತುಕೊಂಡು ಹೋದವರಿಗೆ ಆಗ ಒಳಗಿನ ಮಾಹಿತಿ ಸಿಗುವುದಿಲ್ಲ. ಕೀಲಿಯನ್ನು 7ನೇ ಖಾನೆಗೆ ಮಾತ್ರ ಕಟ್ಟಿದರೆ ನಿಮ್ಮದಲ್ಲದ, ಆದರೆ ಸರಿಯಾದ ಸಹಿ ಇರುವ ಬೇರೆ ಲಿನಕ್ಸ್ ಪೆನ್‌ಡ್ರೈವಿನಿಂದಲೂ ಬೀಗ ತೆರೆದೀತು. 11ನ್ನೂ ಸೇರಿಸಿ, ಅದನ್ನು ಸಹಿ ಮಾಡಿದ ನೀತಿಯ ಮೂಲಕ (ನಮ್ಮ ಸಹಿ ಇರುವ ಯಾವ ಮೌಲ್ಯವನ್ನಾದರೂ ಒಪ್ಪುವಂತೆ) ಸೇರಿಸಿ. ಇಲ್ಲದಿದ್ದರೆ ಪ್ರತಿ ಅಪ್‌ಡೇಟಿಗೂ ಕೀಲಿ ಮತ್ತೆ ಕಟ್ಟಬೇಕಾಗುತ್ತದೆ.

ಹೆಜ್ಜೆ 3: ಕಚೇರಿಯಲ್ಲೇ ಗುರುತು ಕಟ್ಟುವುದು

ಇದು ಬೆಟ್ಟ ಹತ್ತಿದ ಮೇಲೆ ಮಾಡಬಾರದ ಕೆಲಸ. ಪೆಟ್ಟಿಗೆ ಮೇಜಿನ ಮೇಲೆ ಕಣ್ಣೆದುರು ಇರುವಾಗ, ನಂಬಿಕೆಯ ಜಾಲದಲ್ಲಿ, ಟಿಪಿಎಂ2-ಟೂಲ್ಸ್ ಉಪಕರಣಗಳಿಂದ ಮಾಡಿ.

ಮೊದಲು ಚಿಪ್ಪಿನ ಮೂಲ ಕೀಲಿಯಾದ ಇಕೆಯನ್ನು ರಚಿಸಿ, ಹದಿನಾರರ ಎಣಿಕೆಯಲ್ಲಿ 81010001 ಎಂಬ ಸ್ಥಿರ ವಿಳಾಸದಲ್ಲಿ ಇಡಿ. ವಾಡಿಕೆಯ ವಿಳಾಸ ಅದೇ. ಇಕೆಯ ಜತೆ ತಯಾರಕರು ಕೊಟ್ಟ ಪ್ರಮಾಣಪತ್ರ ಇರುತ್ತದೆ. ಅದನ್ನು ಹೊರತೆಗೆದು ತಯಾರಕರ ಮೂಲ ಪ್ರಮಾಣಪತ್ರದವರೆಗೆ ಸರಪಳಿ ಕೂಡುತ್ತದೆಯೇ ನೋಡಿ. ಪ್ರೊಸೆಸರಿನೊಳಗಿನ ಕೆಲವು ಟಿಪಿಎಂಗಳಲ್ಲಿ ಪ್ರಮಾಣಪತ್ರ ಚಿಪ್ಪಿನೊಳಗೆ ಇರುವುದಿಲ್ಲ, ತಯಾರಕರ ಸರ್ವರಿನಿಂದ ತರಿಸಬೇಕು. ಕಚೇರಿಯ ಇಂಟರ್ನೆಟ್ ಇರುವಾಗಲೇ ತರಿಸಿ ಇಟ್ಟುಕೊಳ್ಳಿ. ಸರಪಳಿ ಕೂಡದ ಚಿಪ್ ನಿಜವಾದ ಚಿಪ್ಪೋ, ತಂತ್ರಾಂಶದಲ್ಲಿ ಸೃಷ್ಟಿಸಿದ ನಕಲಿ ಚಿಪ್ಪೋ ಹೇಳಲು ಆಗುವುದಿಲ್ಲ.

ಇಕೆ ನೇರವಾಗಿ ಸಹಿ ಹಾಕುವುದಿಲ್ಲ. ಅದರ ಅಡಿಯಲ್ಲಿ ಎಕೆ ಎಂಬ ಸಹಿಯ ಕೀಲಿ ರಚಿಸಿ. ಇದರ ಗುಣಗಳ ಪಟ್ಟಿ ತೆರೆದು ನೋಡುವುದನ್ನು ಬಹಳ ಜನ ಬಿಡುತ್ತಾರೆ, ಬಿಡಬೇಡಿ. ಅದು ಈ ಚಿಪ್ಪಿಗೇ ಬಿಗಿದದ್ದಾಗಿರಬೇಕು, ಚಿಪ್ಪಿನೊಳಗೇ ಹುಟ್ಟಿದ್ದಾಗಿರಬೇಕು, ಮುಖ್ಯವಾಗಿ ರಿಸ್ಟ್ರಿಕ್ಟೆಡ್ ಎಂಬ ಗುಣ ಇರಬೇಕು. ರಿಸ್ಟ್ರಿಕ್ಟೆಡ್ ಕೀಲಿ ಹೊರಗಿನಿಂದ ತಂದ, ಕ್ವೋಟ್‌ನಂತೆ ವೇಷ ಹಾಕಿದ ಮಾಹಿತಿಗೆ ಸಹಿ ಹಾಕುವುದಿಲ್ಲ. ಚಿಪ್ ತಾನೇ ತಯಾರಿಸಿದ ಕ್ವೋಟಿಗೆ ಮಾತ್ರ ಆ ತಲೆಬರಹ ಇರುತ್ತದೆ. ಈ ಗುಣ ಇಲ್ಲದ ಕೀಲಿಯಿಂದ ಬಂದ ಕ್ವೋಟನ್ನು ಪೆಟ್ಟಿಗೆಯ ತಂತ್ರಾಂಶವೇ ಕೈಯಾರೆ ಬರೆದಿರಬಹುದು.

ಇನ್ನು ಎಕೆ ಮತ್ತು ಇಕೆ ಒಂದೇ ಚಿಪ್ಪಿನಲ್ಲಿವೆ ಎಂದು ಖಚಿತಪಡಿಸಿಕೊಳ್ಳಿ. ಸರ್ವರ್ ಒಂದು ಗುಟ್ಟನ್ನು ಇಕೆಗೂ ಎಕೆಯ ಹೆಸರಿಗೂ ಕಟ್ಟಿ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಅದಕ್ಕೆ ಮೇಕ್-ಕ್ರೆಡೆನ್ಷಿಯಲ್ ಎಂದು ಹೆಸರು. ಪೆಟ್ಟಿಗೆಯ ಚಿಪ್ ಎರಡೂ ಕೀಲಿ ತನ್ನಲ್ಲಿದ್ದರೆ ಮಾತ್ರ ಆಕ್ಟಿವೇಟ್-ಕ್ರೆಡೆನ್ಷಿಯಲ್ ಮೂಲಕ ಗುಟ್ಟನ್ನು ಬಿಡಿಸಿ ಹಿಂತಿರುಗಿಸಬಲ್ಲದು. ಗುಟ್ಟು ಸರಿಯಾಗಿ ಬಂದರೆ ಎಕೆಯ ಸಾರ್ವಜನಿಕ ಭಾಗ, ಇಕೆ ಪ್ರಮಾಣಪತ್ರದ ಸಂಖ್ಯೆ, ಪೆಟ್ಟಿಗೆಯ ಹೊರಗಿನ ಸಂಖ್ಯೆ, ಅದು ಹೋಗುವ ಜಾಗ ನಾಲ್ಕನ್ನೂ ಒಂದೇ ಸಾಲಿನಲ್ಲಿ ದಾಖಲಿಸಿ.

ಎಕೆ ರಚಿಸುವಾಗ ಇನ್ನೊಂದು ಎಚ್ಚರಿಕೆ ಇದೆ, ಕರೆಂಟು ಹೋಗುವ ಊರಿಗೆ ಇದು ಬಹಳ ಮುಖ್ಯ. ಪಾಸ್‌ವರ್ಡ್ ಊಹಿಸುವವರನ್ನು ತಡೆಯಲು ಚಿಪ್ಪಿನಲ್ಲಿ ತಪ್ಪು ಪ್ರಯತ್ನಗಳ ಎಣಿಕೆ ಇರುತ್ತದೆ. ಆ ರಕ್ಷಣೆಗೆ ಒಳಪಟ್ಟ ಕೀಲಿ ಬಳಕೆಯಾದ ಮೇಲೆ ಚಿಪ್ಪಿಗೆ ಸರಿಯಾಗಿ ಶಟ್‌ಡೌನ್ ಹೇಳದೆ ಕರೆಂಟು ಹೋದರೆ, ಮುಂದಿನ ಬೂಟಿನಲ್ಲಿ ಅದನ್ನೂ ಒಂದು ತಪ್ಪು ಪ್ರಯತ್ನವೆಂದು ಎಣಿಸಲು ಟಿಪಿಎಂಗೆ ಅವಕಾಶವಿದೆ. ಒಂದೇ ವಾರದಲ್ಲಿ ಹಲವು ಬಾರಿ ಹೀಗಾದರೆ ಎಣಿಕೆ ಮಿತಿ ಮುಟ್ಟಿ ಚಿಪ್ ಬೀಗ ಹಾಕಿಕೊಳ್ಳುತ್ತದೆ, ಕ್ವೋಟ್ ನಿಲ್ಲುತ್ತದೆ. ದಾಳಿಯೇ ಆಗಿರುವುದಿಲ್ಲ. ಎಕೆಗೆ ಈ ಎಣಿಕೆಯಿಂದ ಹೊರಗಿಡುವ ನೋ-ಡಿಎ ಎಂಬ ಗುಣ ಕೊಟ್ಟು ರಚಿಸಿ. ತಪ್ಪು ಪ್ರಯತ್ನಗಳ (ಲಾಕೌಟ್) ಎಣಿಕೆಯನ್ನು ವಾರಕ್ಕೊಮ್ಮೆ ಓದುವ ವ್ಯವಸ್ಥೆಯೂ ಇರಲಿ.

ಹೆಜ್ಜೆ 4: ಯಾವ ಖಾನೆಗಳನ್ನು ನೋಡಬೇಕು

ಎಲ್ಲ ಖಾನೆಗಳನ್ನೂ ನೋಡುತ್ತೇವೆಂದು ಹೊರಟವರು ಒಂದೇ ತಿಂಗಳಲ್ಲಿ ಸೋತು ಕೈಬಿಡುತ್ತಾರೆ. ಈ ಆರು ಸಾಕು: 0 ಎಂದರೆ ಫರ್ಮ್‌ವೇರಿನ ಕೋಡ್, 2 ಎಂದರೆ ಸೇರಿಸಿದ ಕಾರ್ಡುಗಳ ಫರ್ಮ್‌ವೇರ್, 4 ಎಂದರೆ ಬೂಟ್ ಆದ ಕಡತ, 7 ಎಂದರೆ ಸೆಕ್ಯೂರ್ ಬೂಟ್‌ನ ಸ್ಥಿತಿ ಮತ್ತು ಕೀಲಿಗಳು, 11 ಎಂದರೆ ಯುಕೆಐ, 10 ಎಂದರೆ ಓಡುತ್ತಿರುವಾಗಿನ ಅಳತೆ. 1ನೇ ಖಾನೆ ಬೇಡ. ಅದರಲ್ಲಿ ಬಯೋಸ್ ಸೆಟ್ಟಿಂಗುಗಳು ಮತ್ತು ಬೂಟ್ ಕ್ರಮ ಇರುವುದರಿಂದ ಯಾರೋ ಕೀಬೋರ್ಡೋ ಪೆನ್‌ಡ್ರೈವೋ ಸಿಕ್ಕಿಸಿದರೂ ಬದಲಾಗಬಹುದು.

7ನೇ ಖಾನೆಯ ಬಗ್ಗೆ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಸೆಕ್ಯೂರ್ ಬೂಟ್‌ಗೆ ಬಳಸುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತ ಬರುತ್ತದೆ. ಹೊಸ ಪ್ರಮಾಣಪತ್ರ ಸೇರಿದಾಗ 7ರ ಮೌಲ್ಯ ಬದಲಾಗುತ್ತದೆ. ನಮ್ಮದೇ ಕೀಲಿ ಹಾಕಿಕೊಂಡವರಿಗೆ ಈ ಚಿಂತೆ ಕಡಿಮೆ.

ಮೌಲ್ಯವನ್ನಷ್ಟೇ ಹೋಲಿಸಿದರೆ "ಬದಲಾಗಿದೆ" ಎಂದು ಗೊತ್ತಾಗುತ್ತದೆ, "ಏನು ಬದಲಾಗಿದೆ" ಎಂದು ಗೊತ್ತಾಗದು. ಆದ್ದರಿಂದ ಬೂಟ್ ಘಟನೆಗಳ ಪಟ್ಟಿಯನ್ನೂ ತರಿಸಿ. ಪಟ್ಟಿ ಪೆಟ್ಟಿಗೆಯ ಮಾಮೂಲಿ ಮೆಮೊರಿಯಿಂದ, ಚಿಪ್ಪಿನ ಸಹಿಯಿಲ್ಲದೆ, ಬರುವುದರಿಂದ ಅದನ್ನು ನೇರವಾಗಿ ನಂಬಬೇಡಿ. ಪಟ್ಟಿಯ ಹ್ಯಾಶ್‌ಗಳನ್ನು ಸೊನ್ನೆಯಿಂದ ಒಂದೊಂದಾಗಿ ಸೇರಿಸುತ್ತ ಹೋದರೆ ಕ್ವೋಟಿನಲ್ಲಿರುವ ಮೌಲ್ಯವೇ ಬರಬೇಕು. ಬಂದರೆ ಪಟ್ಟಿ ನಿಜ.

10ನೇ ಖಾನೆಗೆ ಅಳತೆ ಹಾಕುವುದು ಕರ್ನೆಲ್‌ನೊಳಗಿನ ಐಎಂಎ ಎಂಬ ಭಾಗ. ಅದರ ಸಿದ್ಧ ನೀತಿಯಾದ ಟಿಸಿಬಿ ಬಳಸಿದರೆ ರೂಟ್ (ಎಲ್ಲ ಅಧಿಕಾರ ಇರುವ) ಬಳಕೆದಾರ ಓದುವ ಪ್ರತಿ ಕಡತವೂ ಅಳತೆಗೆ ಬರುತ್ತದೆ, ಲಾಗ್ ಕಡತಗಳೂ ಸೇರಿ. ಪಟ್ಟಿ ಊದಿಕೊಂಡು ಕರ್ನೆಲ್‌ನ ಮೆಮೊರಿ ತಿನ್ನುತ್ತದೆ. ಓಡಿಸಿದ ಪ್ರೋಗ್ರಾಂ, ಮೆಮೊರಿಗೆ ಎಳೆದ ಲೈಬ್ರರಿ, ಕರ್ನೆಲ್ ಮಾಡ್ಯೂಲ್ ಮೂರನ್ನು ಮಾತ್ರ ಅಳೆಯುವ ಸ್ವಂತ ನೀತಿ ಬರೆಯಿರಿ. ಇದರಲ್ಲಿ ಎರಡು ಬಿರುಕುಗಳಿವೆ. ಸಿದ್ಧ ನೀತಿ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ತಾತ್ಕಾಲಿಕ) ಜಾಗವನ್ನು ಅಳೆಯದೇ ಬಿಡುತ್ತದೆ, ಒಳನುಗ್ಗಿದವರು ಕಡತ ಇಟ್ಟು ಓಡಿಸುವುದು ಅಲ್ಲೇ. ನಿಮ್ಮ ನೀತಿಯಲ್ಲಿ ಆ ವಿನಾಯಿತಿ ಬೇಡ. ಎರಡನೆಯದು ಪೈಥಾನ್ ಭಾಷೆಯ ಸ್ಕ್ರಿಪ್ಟುಗಳು. ಸ್ಕ್ರಿಪ್ಟನ್ನು ಪೈಥಾನ್‌ಗೆ ಓದಲು ಕೊಟ್ಟು ಓಡಿಸಿದರೆ ಕರ್ನೆಲ್ ಕಣ್ಣಿಗೆ ಅದು ಬರೀ ಓದಿದ ಕಡತ. ಅಳತೆ ಪೈಥಾನ್ ಪ್ರೋಗ್ರಾಮಿನದ್ದು ಮಾತ್ರ ಬರುತ್ತದೆ, ಸ್ಕ್ರಿಪ್ಟಿನದ್ದಲ್ಲ. ಆನೆ ಗುರುತಿಸುವ ಕೋಡ್ ಬಹುಪಾಲು ಪೈಥಾನ್‌ನಲ್ಲೇ ಇರುತ್ತದೆ. ಆ ಕೋಡ್ ಮತ್ತು ಅದರ ಕಲಿತ ಮಾದರಿಯ (ಮಾಡೆಲ್) ಕಡತ ಎರಡನ್ನೂ ಡಿಎಂ-ವೆರಿಟಿ ಇರುವ ಮೂಲ ವಿಭಾಗದೊಳಗೇ ಇಡಿ, ಬರೆಯಬಹುದಾದ ವಿಭಾಗದಲ್ಲಿ ಇಡಲೇಬೇಡಿ.

ಹೆಜ್ಜೆ 5: ಸರ್ವರ್ ಮತ್ತು ಸಂಪರ್ಕ

ಎಲ್ಲವನ್ನೂ ಸ್ವಂತವಾಗಿ ಬರೆಯುವ ಅಗತ್ಯವಿಲ್ಲ. ಎಂಐಟಿ ಲಿಂಕನ್ ಪ್ರಯೋಗಾಲಯದಲ್ಲಿ ಹುಟ್ಟಿದ ಕೀಲೈಮ್ ಎಂಬ ಮುಕ್ತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಸರ್ವರಿನಲ್ಲಿ ಕೀಲಿಗಳ ದಾಖಲೆ ಇಡುವ ರಿಜಿಸ್ಟ್ರಾರ್ ಮತ್ತು ಕ್ವೋಟ್ ಪರಿಶೀಲಿಸುವ ವೆರಿಫೈಯರ್, ಪೆಟ್ಟಿಗೆಯಲ್ಲಿ ಉತ್ತರಿಸುವ ಏಜೆಂಟ್ ಓಡುತ್ತವೆ. ಅದರ ರೂಢಿಯ ವಿಧಾನದಲ್ಲಿ ವೆರಿಫೈಯರ್ ತಾನೇ ಪೆಟ್ಟಿಗೆಯನ್ನು 9002ನೇ ಪೋರ್ಟಿನಲ್ಲಿ ಕರೆಯುತ್ತದೆ. ಸಿಮ್ ಕಾರ್ಡಿನ ಹಿಂದಿನ ಪೆಟ್ಟಿಗೆಗೆ ಸ್ವಂತ ಸಾರ್ವಜನಿಕ ವಿಳಾಸ ಇರುವುದು ಅಪರೂಪ, ಹಾಗಾಗಿ ಆ ಕರೆ ಒಳಗೆ ಬರುವುದೇ ಇಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿ, ಪೆಟ್ಟಿಗೆಯ ಕಡೆಯಿಂದ 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ದಾರಿ ಮುಚ್ಚದಂತೆ ಕಾಯುವ ಪುಟ್ಟ ಸಂದೇಶ) ಹೋಗುವಂತೆ ಮಾಡಿ, ಏಜೆಂಟಿಗೆ ಸುರಂಗದ ವಿಳಾಸವನ್ನೇ ಸಂಪರ್ಕ ವಿಳಾಸವಾಗಿ ಕೊಡಿ.

ಕೀಲೈಮ್‌ನ ಮೂಲ ಸೆಟ್ಟಿಂಗುಗಳು ಡೇಟಾ ಸೆಂಟರಿಗೆ ಹೊಂದುವಂಥವು. ಎರಡು ಸೆಕೆಂಡಿಗೊಮ್ಮೆ ಕ್ವೋಟ್ ಕೇಳುತ್ತದೆ. ಒಂದು ಸುತ್ತಿಗೆ 10 ಕಿಲೋಬೈಟ್ ಎಂದು ಹಿಡಿದರೆ ದಿನಕ್ಕೆ 432 ಮೆಗಾಬೈಟ್. ಹದಿನೈದು ನಿಮಿಷಕ್ಕೊಮ್ಮೆ ಕೇಳಿದರೆ 96 ಸುತ್ತು, ಒಂದು ಮೆಗಾಬೈಟಿನೊಳಗೆ ಮುಗಿಯುತ್ತದೆ. ಬೆಟ್ಟದ ಪೆಟ್ಟಿಗೆಗೆ ಅಷ್ಟು ಸಾಕು. ಮರುಪ್ರಯತ್ನಗಳ ಸಂಖ್ಯೆ ಮೂಲದಲ್ಲಿ ಐದು. ಅವು ಮುಗಿದರೆ ಪೆಟ್ಟಿಗೆ ವಿಫಲವಾಯಿತೆಂದು ಕೇಳುವುದನ್ನೇ ನಿಲ್ಲಿಸುತ್ತದೆ, ಮತ್ತೆ ಕೈಯಾರೆ ಸೇರಿಸಬೇಕು. ಟವರಿನ ಡೀಸೆಲ್ ಮುಗಿದು ಮೂರು ದಿನ ಸಂಪರ್ಕ ಇಲ್ಲದಿರುವುದು ನಾಪೋಕ್ಲು, ಕಕ್ಕಬ್ಬೆ ಕಡೆ ಮಳೆಗಾಲದಲ್ಲಿ ಆಗುವಂಥದ್ದೇ. ಮರುಪ್ರಯತ್ನದ ಸಂಖ್ಯೆ, ಅಂತರ ಎರಡನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿ.

ಪ್ರತಿ ಸಲ ಸರ್ವರ್ ಹೊಸ ಯಾದೃಚ್ಛಿಕ ಸಂಖ್ಯೆ ಕಳುಹಿಸಬೇಕು, 20 ಬೈಟಿಗೆ ಕಡಿಮೆ ಬೇಡ. ಅದು ಕ್ವೋಟಿನೊಳಗೆ ಸೇರಿ ಸಹಿಯಾಗಿ ಬರುತ್ತದೆ, ಹಾಗಾಗಿ ನಿನ್ನೆಯ ಕ್ವೋಟನ್ನು ಇವತ್ತು ತೋರಿಸಲು ಆಗದು. ಇನ್ನೊಂದು ಮೋಸವೂ ಸಾಧ್ಯ. ಕೆಟ್ಟ ಪೆಟ್ಟಿಗೆ ತನಗೆ ಬಂದ ಪ್ರಶ್ನೆಯನ್ನು ಒಳ್ಳೆಯ ಪೆಟ್ಟಿಗೆಗೆ ದಾಟಿಸಿ, ಅಲ್ಲಿಂದ ಉತ್ತರ ತಂದು ಕೊಡಬಹುದು. ಅದಕ್ಕೆ ಪ್ರತಿ ಪೆಟ್ಟಿಗೆಯ ಎಕೆ ದಾಖಲೆಯಲ್ಲಿ ಬೇರೆ ಬೇರೆ ಇರಬೇಕು, ಸಂಪರ್ಕದ ಕೀಲಿಯ ಹ್ಯಾಶ್ ಕೂಡ ಕ್ವೋಟಿಗೆ ಕಟ್ಟಿರಬೇಕು.

ಸ್ವಂತವಾಗಿ ಪರಿಶೀಲಕ ಬರೆಯುವವರು ಒಂದು ತಪ್ಪನ್ನು ಮಾಡಿಯೇ ಮಾಡುತ್ತಾರೆ. ಕ್ವೋಟ್ ತೆಗೆದ ಮೇಲೆ ಐಎಂಎ ಪಟ್ಟಿ ಓದುವಷ್ಟರಲ್ಲಿ ಇನ್ನೆರಡು ಪ್ರೋಗ್ರಾಂ ಓಡಿ ಪಟ್ಟಿ ಉದ್ದವಾಗಿರುತ್ತದೆ. ಇಡೀ ಪಟ್ಟಿ ಕೂಡಿಸಿದರೆ ಕ್ವೋಟಿಗೆ ಹೊಂದುವುದಿಲ್ಲ. ಸಾಲು ಸಾಲಾಗಿ ಕೂಡಿಸುತ್ತ, ಯಾವ ಸಾಲಿನಲ್ಲಿ ಹೊಂದುತ್ತದೆಯೋ ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಸುತ್ತಿಗೆ ಬಿಡಬೇಕು.

ಹೆಜ್ಜೆ 6: ತೀರ್ಪು ಎರಡಲ್ಲ, ಮೂರು

ಇಡೀ ವ್ಯವಸ್ಥೆ ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ನಿರ್ಧಾರವಾಗುತ್ತದೆ. "ಸರಿ", "ತಪ್ಪು" ಎಂಬ ಎರಡೇ ಸ್ಥಿತಿ ಇಟ್ಟರೆ ಸಂಪರ್ಕ ಕಡಿದ ಪೆಟ್ಟಿಗೆಯೂ ತಪ್ಪಿನ ಲೆಕ್ಕಕ್ಕೆ ಹೋಗುತ್ತದೆ. ಜೋರು ಮಳೆಯಲ್ಲಿ, ಅಂಕಿ ಅತ್ಯಗತ್ಯವಾದ ಹೊತ್ತಿನಲ್ಲೇ, ಎಲ್ಲ ಪೆಟ್ಟಿಗೆಯೂ ಕೆಂಪಾಗುತ್ತದೆ. ಉತ್ತರ ಬಾರದಿರುವುದು ಒಂದು, ತಪ್ಪು ಉತ್ತರ ಬರುವುದು ಇನ್ನೊಂದು. ಈ ಎರಡಕ್ಕೆ ಬೇರೆ ಬೇರೆ ಬಣ್ಣ, ಬೇರೆ ಬೇರೆ ಕ್ರಮ ಇರಬೇಕು.

ಸರಿಯಾದ ಕ್ವೋಟ್ ಬಂದಾಗ ಸರ್ವರ್ 24 ಗಂಟೆಯ ಮಾನ್ಯತೆ ಇರುವ ತೀರ್ಪನ್ನು ಬರೆದಿಡಲಿ. ಅವಧಿಯೊಳಗೆ ಸಂಪರ್ಕ ಹೋದರೆ ಪೆಟ್ಟಿಗೆ ಹಸಿರಾಗಿಯೇ ಇರಲಿ. ಅವಧಿ ಮೀರಿದರೆ ಹಳದಿ: ಅಂಕಿ ತಡವಾಗಿ ಬಂದರೂ ತೋರಿಸಿ, ಆದರೆ ಪಕ್ಕದ ಎರಡು ಮಾಪಕಗಳ ಜತೆ ತಾಳೆ ನೋಡದೆ ಅದರ ಮೇಲೆ ಎಚ್ಚರಿಕೆ ಹೊರಡಿಸಬೇಡಿ. ಸಹಿ ತಪ್ಪಿದ, ಯಾದೃಚ್ಛಿಕ ಸಂಖ್ಯೆ ಹೊಂದದ, ಗೊತ್ತಿಲ್ಲದ ಹ್ಯಾಶ್ ಇರುವ ಕ್ವೋಟ್ ಬಂದರೆ ಮಾತ್ರ ಕೆಂಪು. ಕೆಂಪಾದ ಪೆಟ್ಟಿಗೆಯ ಅಂಕಿಯನ್ನು ಬೇರೆ ಕಡೆ ತೆಗೆದಿಡಿ, ಅಳಿಸಬೇಡಿ. ಮುಂದೆ ಏನಾಯಿತೆಂದು ಹುಡುಕಲು ಅದೇ ಬೇಕು.

ಕ್ವೋಟಿನೊಳಗೆ ಇನ್ನೂ ಕೆಲವು ಅಂಕಿಗಳು ಬರುತ್ತವೆ, ನಮ್ಮಲ್ಲಿ ಅವು ಬಹಳ ಉಪಯೋಗಕ್ಕೆ ಬೀಳುತ್ತವೆ. ರೀಸೆಟ್ ಎಣಿಕೆ ಪ್ರತಿ ಬೂಟಿಗೆ ಒಂದರಂತೆ ಏರುತ್ತದೆ. ಅದನ್ನು ಯುಪಿಎಸ್ ದಾಖಲೆಯ ಜತೆ ಇಟ್ಟು ನೋಡಿ. ಎರಡು ಕ್ವೋಟುಗಳ ನಡುವೆ ಬ್ಯಾಟರಿ ಬರಿದಾದದ್ದು ಮೂರು ಸಲ, ರೀಸೆಟ್ ಏರಿದ್ದು ಐದು ಎಂದಾದರೆ ಎರಡು ಬಾರಿ ಯಾರೋ ಪೆಟ್ಟಿಗೆಯನ್ನು ರೀಬೂಟ್ ಮಾಡಿರಬಹುದು. ಬಹುಶಃ ಬೇರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಮತ್ತೆ ಮೊದಲಿನಂತೆ ಬಿಟ್ಟು ಹೋಗಿರಬಹುದು. ಉಳಿದೆಲ್ಲ ಖಾನೆಗಳೂ ಚೊಕ್ಕವಾಗಿರುತ್ತವೆ, ಈ ಎಣಿಕೆಯೊಂದೇ ಸುಳಿವು. ಈ ಅಂಕಿ ಸರಿಯಾಗಿ ಕಾಣಬೇಕಾದರೆ ಎಕೆಯೂ ಇಕೆ ಇರುವ ಎಂಡಾರ್ಸ್‌ಮೆಂಟ್ ಶ್ರೇಣಿಯಲ್ಲೇ ಇರಬೇಕು. ಓನರ್ ಶ್ರೇಣಿಯಲ್ಲಿ ರಚಿಸಿದರೆ ಚಿಪ್ ಎಣಿಕೆಯನ್ನು ಮರೆಮಾಚಿ ಕೊಡುತ್ತದೆ. ಸೇಫ್ ಎಂಬ ಗುರುತು ಇಲ್ಲ ಎಂದು ಬಂದರೆ ಗಾಬರಿ ಬೇಡ. ಕರೆಂಟು ಹಠಾತ್ ಹೋಗಿ ಬಂದ ಮೇಲೆ ಚಿಪ್ಪಿನ ಗಡಿಯಾರ ಸ್ವಲ್ಪ ಹಿಂದೆ ಬಿದ್ದಿರಬಹುದು ಎಂದಷ್ಟೇ ಅರ್ಥ.

ಗಡಿಯಾರ ಎಂದಾಗ ಇದನ್ನೂ ಹೇಳಬೇಕು. ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತರೆ ಕರೆಂಟು ಬಂದಾಗ ಪೆಟ್ಟಿಗೆ ಹಳೇ ದಿನಾಂಕದಲ್ಲಿ ಏಳುತ್ತದೆ, ಸಂಪರ್ಕದ ಟಿಎಲ್‌ಎಸ್ ಪ್ರಮಾಣಪತ್ರ "ಇನ್ನೂ ಜಾರಿಗೆ ಬಂದಿಲ್ಲ" ಎಂದು ಸಂಪರ್ಕವೇ ಆಗುವುದಿಲ್ಲ. ಮೇ ತಿಂಗಳಲ್ಲಿ ಬ್ಯಾಟರಿ ಬದಲಿಸುವುದು ವಾರ್ಷಿಕ ಕೆಲಸಗಳ ಪಟ್ಟಿಯಲ್ಲಿರಲಿ.

ಹೆಜ್ಜೆ 7: ಅಪ್‌ಡೇಟ್

ಕ್ರಮ ತಪ್ಪಿದರೆ ನೀವೇ ನಿಮ್ಮ ಪೆಟ್ಟಿಗೆಗಳನ್ನು ಕೆಂಪು ಮಾಡುತ್ತೀರಿ. ಹೊಸ ಯುಕೆಐ ಕಟ್ಟಿ, 4 ಮತ್ತು 11ರ ಹೊಸ ಮೌಲ್ಯಗಳನ್ನು ಮೊದಲು ಸರ್ವರಿಗೆ ಸೇರಿಸಿ. ಹಳೆಯ ಮೌಲ್ಯವೂ ಸದ್ಯಕ್ಕೆ ಇರಲಿ. ಕಚೇರಿಯ ಮಾದರಿ ಪೆಟ್ಟಿಗೆಯಲ್ಲಿ ಓಡಿಸಿ, ಆಮೇಲೆ ಒಂದು ಪಂಪ್‌ಹೌಸ್, ಆಮೇಲೆ ಉಳಿದವು. ಎಲ್ಲವೂ ಬದಲಾದ ಮೇಲೆ ಹಳೆಯ ಮೌಲ್ಯವನ್ನು ಪಟ್ಟಿಯಿಂದ ತೆಗೆಯಲೇಬೇಕು. ಬಿಟ್ಟರೆ ದೋಷ ಇರುವ ಹಳೆಯ ಕರ್ನೆಲ್‌ಗೆ ಹಿಂತಿರುಗಿಸಿದರೂ ಹಸಿರೇ ಕಾಣುತ್ತದೆ. ಬಯೋಸ್ ಅಪ್‌ಡೇಟನ್ನು ಮಾತ್ರ ದೂರದಿಂದ ಮಾಡಬೇಡಿ. 0ನೇ ಖಾನೆ ಬದಲಾಗುವುದಷ್ಟೇ ಅಲ್ಲ, ಕೆಲವು ಬೋರ್ಡುಗಳಲ್ಲಿ ಪ್ರೊಸೆಸರಿನೊಳಗಿನ ಟಿಪಿಎಂ ಅಳಿಸಿಯೇ ಹೋಗುತ್ತದೆ. ಆಗ ಲಕ್ಸ್ ಬೀಗ ತೆರೆಯದು, ಎಕೆ ಇರದು, ಗುರುತು ಕಟ್ಟುವ ಮೂರನೇ ಹೆಜ್ಜೆಗೇ ಹಿಂತಿರುಗಬೇಕು. ಲಕ್ಸ್‌ನ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದು ಕಚೇರಿಯ ಬೀರುವಿನಲ್ಲಿಡಿ.

ಚಿಪ್ ನೋಡಲಾರದ್ದು

ಮಾಪಕದ ಕೊಡಕ್ಕೆ ಯಾರೋ ಬಾಟಲಿಯಲ್ಲಿ ನೀರು ಸುರಿದರೆ ಕ್ವೋಟ್ ಹಸಿರಾಗಿಯೇ ಬರುತ್ತದೆ. ಎಲೆ ಸಿಕ್ಕಿ ಕೊಳವೆ ಕಟ್ಟಿಕೊಂಡರೂ ಅಷ್ಟೇ. ಪ್ರತಿ 0.2 ಮಿಲಿಮೀಟರ್ ಮಳೆಗೆ ಒಮ್ಮೆ ತೊಟ್ಟಿ ತಿರುಗುವ ಮಾಪಕದಲ್ಲಿ ಒಂದು ಇಂಚು ಮಳೆಗೆ 127 ತಿರುಗು ಆಗಬೇಕು. ಪಕ್ಕದ ತೋಟದ ಮಳೆ ಪುಸ್ತಕದ ಜತೆ ವಾರಕ್ಕೊಮ್ಮೆ ತಾಳೆ ನೋಡಿದರೆ ಇಂಥದ್ದು ಸಿಕ್ಕಿಬೀಳುತ್ತದೆ. ಹಾಗೆಯೇ ಹ್ಯಾಶ್ ಹೊಂದಿತೆಂದರೆ ತಂತ್ರಾಂಶದಲ್ಲಿ ದೋಷ ಇಲ್ಲವೆಂದಲ್ಲ, ನಾವು ಹಾಕಿದ್ದೇ ಇದೆ ಎಂದಷ್ಟೇ.

ಪೆಟ್ಟಿಗೆಯ ಹೊರಮೈಗೂ ಗಮನ ಬೇಕು. ಧೂಳು, ನೀರು ಒಳಹೋಗದ ಐಪಿ66 ದರ್ಜೆಯ ಕವಚ, ಕೇಬಲ್ ಕೆಳಗಿನಿಂದ ಒಳಹೋಗುವಂತೆ, ಹೊರಗೆ ನೀರು ತೊಟ್ಟಿಕ್ಕಲು ಒಂದು ಇಳಿಬಾಗು, ಒಳಗೆ ಸಿಲಿಕಾ ಜೆಲ್ ಚೀಲ, ಇರುವೆ ನುಗ್ಗದಂತೆ ಕೇಬಲ್ ತೂತಿಗೆ ಬಿಗಿದ ಗ್ಲ್ಯಾಂಡ್. ಸಂಖ್ಯೆ ಇರುವ ಸೀಲ್ ಹಾಕಿ ಫೋಟೊ ತೆಗೆದಿಡಿ. ಮುಚ್ಚಳಕ್ಕೆ ಒಂದು ಸ್ವಿಚ್ ಜೋಡಿಸಿ, ಅದು ತೆರೆದ ಸಮಯ ರೀಸೆಟ್ ಎಣಿಕೆಯ ಜತೆ ಸರ್ವರಿಗೆ ಹೋಗಲಿ.

ಮಳೆ ಹಿಡಿಯುವ ಮೊದಲು, ಮೇ ಕೊನೆಯ ವಾರದಲ್ಲಿ, ಪರೀಕ್ಷೆ ಮಾಡಿ. ಒಂದು ಪೆಟ್ಟಿಗೆಯಲ್ಲಿ ಬೇರೆ ಯುಕೆಐ ಬೂಟ್ ಮಾಡಿ, ಎರಡನೆಯದರಲ್ಲಿ ಟಿಎಂಪಿಎಫ್‌ಎಸ್‌ನಿಂದ ಒಂದು ಪ್ರೋಗ್ರಾಂ ಓಡಿಸಿ, ಮೂರನೆಯದರ ಸಿಮ್ ಎರಡು ದಿನ ಕಿತ್ತಿಡಿ. ಮೊದಲಿನ ಎರಡು ಹದಿನೈದು ನಿಮಿಷದೊಳಗೆ ಕೆಂಪಾಗಬೇಕು, ಮೂರನೆಯದು 24 ಗಂಟೆಯ ನಂತರ ಹಳದಿಯಾಗಿ, ಸಿಮ್ ಹಾಕಿದ ಕೂಡಲೇ ತಾನಾಗಿ ಹಸಿರಾಗಬೇಕು. ಕೆಂಪಾದವನ್ನು ರೀಬೂಟ್ ಮಾಡಿ ಸುಮ್ಮನೆ ಹಸಿರಿಗೆ ತರಬೇಡಿ. ಘಟನೆಗಳ ಪಟ್ಟಿಯಲ್ಲಿ ಆ ಬದಲಾವಣೆಯ ಸಾಲು ಕಾಣಿಸುತ್ತದೆಯೇ ನೋಡಿ, ಕಾಣಿಸಿದ ಮೇಲೆ ಮಾತ್ರ ಪರೀಕ್ಷೆಯ ದಾಖಲೆಗೆ ಸಹಿ ಹಾಕಿ ಮೊದಲಿನ ಸ್ಥಿತಿಗೆ ತನ್ನಿ. ಪೆಟ್ಟಿಗೆಯೊಂದನ್ನು ಶಾಶ್ವತವಾಗಿ ಇಳಿಸುವಾಗ ಮೊದಲು ರಿಜಿಸ್ಟ್ರಾರ್‌ನಿಂದ ಅದರ ಎಕೆ ತೆಗೆಯಿರಿ, ವೈರ್‌ಗಾರ್ಡ್ ಕೀಲಿ ರದ್ದು ಮಾಡಿ, ಆಮೇಲೆ ಟಿಪಿಎಂ ಕ್ಲಿಯರ್ ಮಾಡಿ ಲಕ್ಸ್ ತಲೆಬರಹ ಅಳಿಸಿ. ಗುಜರಿಗೆ ಹೋದ ಪೆಟ್ಟಿಗೆಯ ಕೀಲಿ ಸರ್ವರಿನಲ್ಲಿ ಉಳಿದಿದ್ದರೆ ಅದು ಮುಂದೊಂದು ದಿನ ಬೇರೆ ಮನೆಯ ಮೇಜಿನ ಮೇಲಿಂದಲೂ "ನಾನು ಭಾಗಮಂಡಲದ ಬೆಟ್ಟ" ಎಂದು ಸರಿಯಾದ ಸಹಿಯನ್ನೇ ಹಾಕಬಲ್ಲದು.